ಬಿಸಿಲಿಗೆ ಹಾಕಿದ ಮಸೂರು

"ಸಿಕ್ತು ಪಪ್ಪಾ!" ಎಂದು ಅನ್ವಿತಾ ಫೋನಿನಲ್ಲಿ ಕೂಗಿದಾಗ, ಹರಿದಾಸರು ಹೋಟೆಲಿನ ಸ್ಟೋರ್ ರೂಮಿನಲ್ಲಿ ನಿಂತು, ತೊಳೆದು ಬೋರಲು ಹಾಕಿದ್ದ ಗಾಜಿನ ಬಾಟಲಿಯೊಂದನ್ನು ನೋಡುತ್ತಿದ್ದರು.

"ಆರು ತಿಂಗಳು ಯೂನಿವರ್ಸಿಟಿಯೇ ಪಗಾರ ಕೊಡ್ತದಂತೆ. ಅಷ್ಟರಲ್ಲಿ ದಿಲ್ಲಿಯ ಗ್ರಾಂಟ್ ಬರ್ಬಹುದು. ಕೆಲಸ ನಿಂತಿಲ್ಲ ತಾನೇ ಅಂತ ಒಂದೇ ಪ್ರಶ್ನೆ ಕೇಳಿದ್ದು ಕಮಿಟಿಯವರು. ಇಲ್ಲ ಸರ್, ನಾಶಿಕ್‌ನಲ್ಲಿ ಪಪ್ಪನ ಹತ್ರ ಸೇಫ್ ಉಂಟು ಅಂದೆ. ಹೇಗುಂಟು ನನ್ನ ಹುಳುಗಳು?"

"ಉಂಟು," ಎಂದರು ಹರಿದಾಸರು.

ಆ ಬಾಟಲಿಯಲ್ಲಿದ್ದದ್ದು ಮಸೂರು ಕಾಳು. ಕಾಳಿನೊಳಗೆ ಹುಳು. ಐದು ವರ್ಷಗಳ ಹಿಂದೆ ಸಂಭಾಜಿನಗರದ ಪ್ರಯೋಗಾಲಯದಲ್ಲಿ ಅನ್ವಿತಾ ಹೆಸರುಕಾಳಿನ ಹುಳುಗಳನ್ನು ಮಸೂರಿನ ಮೇಲೆ ಬಿಟ್ಟಿದ್ದಳು. ಬಹುತೇಕ ಎಲ್ಲವೂ ಸತ್ತವು. ಬದುಕಿದ ನಾಲ್ಕಾರರ ಮಕ್ಕಳಲ್ಲಿ ಸಾವು ಕಡಿಮೆಯಾಯಿತು, ಮೊಮ್ಮಕ್ಕಳಲ್ಲಿ ಇನ್ನೂ ಕಡಿಮೆ. ಈಗಂತೂ ಮಸೂರೇ ತಮ್ಮ ಹುಟ್ಟೂರೆಂಬಂತೆ ಸಂಸಾರ ಹೂಡಿದ್ದವು. ಇದು ಹೇಗಾಯಿತು ಎನ್ನುವುದೇ ಅವಳ ಸಂಶೋಧನೆ.

"ಹುಳ ಕೊಲ್ಲಲಿಕ್ಕೆ ಓದ್ತಾರೆ ಮಾರಾಯ್ತಿ, ನೀನು ಸಾಕಲಿಕ್ಕೆ ಓದಿದೆಯಾ?" ಎಂದು ಹರಿದಾಸರು ಮೊದಮೊದಲು ರೇಗಿಸುತ್ತಿದ್ದರು. ಉಡುಪಿ ಕಡೆಯಿಂದ ಬಂದು ನಾಶಿಕದಲ್ಲಿ ಹೋಟೆಲು ನಡೆಸಿ ಕೂದಲು ಹಣ್ಣಾದ ಮನುಷ್ಯ. ಕಾಳಿನ ಮೇಲೆ ಹುಳುವಿನ ಮೊಟ್ಟೆ, ಅಂದರೆ ಒಂದು ಬಿಳಿ ಚುಕ್ಕೆ ಕಂಡರೂ ಸಾಕು, ಇಡೀ ಮೂಟೆಯನ್ನು ವ್ಯಾಪಾರಿಯ ಮುಖಕ್ಕೆ ವಾಪಸು ಎಸೆಯುವವರು. ಆದರೆ ಕುತೂಹಲ ಎನ್ನುವುದು ಯಾರನ್ನು ಬಿಟ್ಟಿದೆ? ಬರಬರುತ್ತಾ ಮಗಳಿಗೆ ಫೋನ್ ಮಾಡಿದರೆ ಊಟವಾಯಿತೇ ಎನ್ನುವುದಕ್ಕೂ ಮೊದಲು ಹುಳುಗಳ ಯೋಗಕ್ಷೇಮ ವಿಚಾರಿಸುವಂತಾದರು.

ಮಾರ್ಚಿಗೆ ಗ್ರಾಂಟ್ ಮುಗಿದು ಪ್ರಯೋಗಾಲಯದ ಕೋಣೆ ಬೇರೆಯವರ ಪಾಲಾದಾಗ, ಅವಳು ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬಂದಿದ್ದಳು. ಮನೆಯೊಳಗೆ ಅದು ಕಾಲಿಡಕೂಡದು ಎಂದು ಹೆಂಡತಿ ಜಲಜಾಕ್ಷಮ್ಮ ಹಟ ಹಿಡಿದದ್ದರಿಂದ ಸ್ಟೋರ್ ರೂಮಿನ ಮೇಲಿನ ಹಲಗೆಗೆ ಸೇರಿತು. ಯೂನಿವರ್ಸಿಟಿಯ ಈ ಮಧ್ಯಂತರ ಹಣದ ವಿಷಯ ಕೇಳಿದಾಗ ಹರಿದಾಸರಿಗೆ ಥಟ್ಟನೆ ಅರ್ಥವಾಗಿತ್ತು. ಹೋಟೆಲು ರಿಪೇರಿಗೆ ಮುಚ್ಚಿದ್ದಾಗ ಅಡುಗೆಯ ಗುರುಪ್ರಸಾದ ಭಟ್ಟರಿಗೆ ಅವರೂ ಕೂತಲ್ಲೇ ಸಂಬಳ ಕೊಟ್ಟಿದ್ದರು. ಕೊಡದಿದ್ದರೆ ಎದುರಿನ ಹೋಟೆಲಿನವನು ಹಾರಿಸಿಕೊಂಡು ಹೋಗುತ್ತಿದ್ದ.

ಈಗ ಮಗಳ ಕಥೆಯೂ ಅದೇ: ಭಟ್ಟರಿಗೆ ಸಂಬಳ ಮಂಜೂರಾಗಿದೆ, ಒಲೆಯೇ ಮಾಯ!

"ಗುಂಡವ್ವಾ!" ಎಂದು ಕೂಗಿದರು.

ಕಾಳು ಹಸನು ಮಾಡುವ ಗುಂಡವ್ವ ಮಾರ್ಚಿಗೆ ಮೊದಲೇ ಊರಿಗೆ ಹೋದವಳು ನಿನ್ನೆಯಷ್ಟೇ ವಿಜಾಪುರದಿಂದ ಮರಳಿದ್ದಳು. ಸೆರಗಿಗೆ ಕೈ ಒರೆಸುತ್ತಾ ಬಂದು ಹೆಮ್ಮೆಯಿಂದಲೇ ಹೇಳಿದಳು: "ಹುಳಾ ಬಿದ್ದಿದ್ವಲ್ರೀ ಮಾಲಕ್ರ! ನೋಡಿ ಎದಿ ಝಲ್ ಅಂತು. ಮುಂಜಾನೆನ ಮಾಳಗಿ ಮ್ಯಾಲೆ ಬಿಸಲಿಗೆ ಹಾಕೀನಿ. ಬಾಟ್ಲಿನೂ ತಿಕ್ಕೀನಿ."

ಹರಿದಾಸರು ಬೈಯುವುದಾದರೂ ಯಾರನ್ನು? ಹುಳ ಕಂಡರೆ ಬಿಸಿಲಿಗೆ ಹಾಕು ಎಂದು ಅವಳಿಗೆ ಕಲಿಸಿದವರು ಅವರೇ. ಈ ಬಾಟಲಿಯ ವಿಷಯ ಹೇಳದೆ ಮರೆತವರೂ ಅವರೇ.

ಮೇ ತಿಂಗಳ ಬಿಸಿಲು. ಮಾಳಿಗೆಯ ಕಾಂಕ್ರೀಟು ಚಪ್ಪಲಿಯೊಳಗಿನಿಂದಲೂ ಸುಡುತ್ತಿತ್ತು. ಗೋಣಿಚೀಲದ ಮೇಲೆ ಹರಡಿದ್ದ ಮಸೂರಿನ ಮುಂದೆ ಅವರು ಮಂಡಿಯೂರಿದರು. ಸತ್ತ ಹುಳುಗಳು ಜೀರಿಗೆಯ ಪುಡಿಯಂತೆ ಉದುರಿಕೊಂಡಿದ್ದವು.

"ಎಲ್ಲಾ ಸತ್ತಾವೇನು ಅಂತ ನೋಡಾಕ ಬಂದ್ರೇನ್ರಿ?"

"ಬದುಕಿದ್ದು ಉಂಟಾ ಅಂತ ನೋಡ್ಲಿಕ್ಕೆ! ಅನ್ವಿತಾಳ ಐದು ವರ್ಷದ ಓದು ಇದು."

"ಅಯ್ಯ ನನ್ನ ಶಿವನೇ! ಅಕ್ಕಾರ್ದೇನ್ರಿ? ಮೊದಲ ಹೇಳಬಾರದೇನ್ರಿ?" ಎಂದು ಅವಳೂ ಕುಕ್ಕರುಗಾಲಿನಲ್ಲಿ ಕುಳಿತಳು. ಇಬ್ಬರೂ ಕಾಳು ಕಾಳನ್ನು ಸರಿಸಿದರು. ಗೋಣಿಯ ಮಡಿಕೆ ಎತ್ತಿದಾಗ ನೆರಳಿನಲ್ಲಿ ಅಡಗಿದ್ದ ಒಂದಿಷ್ಟು ಹುಳುಗಳು ಸರಸರ ಓಡಿದವು. ಜೀವಮಾನವೆಲ್ಲ ಹೆಬ್ಬೆರಳಿನಿಂದ ಹೊಸಕಿ ಅಭ್ಯಾಸವಾಗಿದ್ದ ಕೈಯಿಂದ ಹರಿದಾಸರು ಅವನ್ನು ಉಸಿರು ಬಿಗಿಹಿಡಿದು ಸ್ಟೀಲ್ ಲೋಟಕ್ಕೆ ದಾಟಿಸಿದರು. ಕೊನೆಗೆ, ನಡು ಬಿಸಿಲಲ್ಲೇ ಕಾಳಿನ ಮೇಲೆ ನಿಧಾನ ನಡೆಯುತ್ತಿದ್ದ ಎರಡು ಹುಳು ಕಂಡವು. ಉಳಿದವೆಲ್ಲ ಸತ್ತು ಬಿದ್ದಲ್ಲಿ ಇವೆರಡಕ್ಕೆ ಏನೂ ಆಗಿರಲಿಲ್ಲ. ಯಾಕಿರಬಹುದು? ಅವರು ತುಸು ಹೊತ್ತು ನೋಡುತ್ತಲೇ ಕುಳಿತು, ಆಮೇಲೆ ಇನ್ನೊಂದು ಲೋಟ ತರಿಸಿದರು.

ಸಂಜೆ ಅನ್ವಿತಾ ಸಂಭಾಜಿನಗರದಿಂದ ಪೇಢೆಯ ಡಬ್ಬಿ ಹಿಡಿದು ಬಂದಳು. ಹರಿದಾಸರು ಅವಳನ್ನು ಸ್ಟೋರ್ ರೂಮಿಗೆ ಕರೆದೊಯ್ದು, ನಡೆದದ್ದನ್ನೆಲ್ಲ ಹೇಳಿ, ಹೊಸ ಮಸೂರು ಹಾಕಿ ತೆಳುಬಟ್ಟೆ ಕಟ್ಟಿದ ಎರಡು ಲೋಟಗಳನ್ನು ಮುಂದಿಟ್ಟರು. ಅವಳು ಅಕ್ಕಿಮೂಟೆಯ ಮೇಲೆ ಕುಳಿತಳು. ಗುಂಡವ್ವ ಬಾಗಿಲ ಹಿಂದೆ ಕಣ್ಣು ಒರೆಸಿಕೊಳ್ಳುತ್ತಿದ್ದಳು.

"ಕಾಳಿನ ಒಳಗಿದ್ದ ಮರಿಗಳೆಲ್ಲ ಬೆಂದು ಹೋಗಿರ್ತವೆ," ಎಂದಳು ಅನ್ವಿತಾ. "ಇವು ಮುದಿ ಹುಳುಗಳಾದ್ರೆ ಮುಗೀತು. ಮೊಟ್ಟೆ ಇಡ್ಲಿಲ್ಲ ಅಂದ್ರೆ ಕಮಿಟಿಯ ಸರ್‌ಗೆ ಫೋನ್ ಮಾಡಿ, ಆ ಪೈಸೆ ಬೇಡ ಅಂತ ಹೇಳ್ತೇನೆ. ಕೆಲಸವೇ ಇಲ್ಲದೆ ಹೇಗೆ ತಗೊಳ್ಳೋದು?"

"ತಪ್ಪು ನಂದು ಮಗಾ," ಎಂದರು ಹರಿದಾಸರು.

ಲೋಟಗಳನ್ನೇ ನೋಡುತ್ತಿದ್ದವಳು ಹಠಾತ್ತನೆ ಕೇಳಿದಳು: "ಎರಡು ಯಾಕೆ ಪಪ್ಪಾ?"

"ಇದು ನೆರಳಿಗೆ ಓಡಿದವು. ಅದು ಬಿಸಿಲಲ್ಲೇ ಬದುಕಿದವು. ನನಗೆ ಎಂತದೋ, ಸೇರಿಸ್ಲಿಕ್ಕೆ ಮನಸ್ಸು ಬರ್ಲಿಲ್ಲ."

ಅನ್ವಿತಾ ಅಪ್ಪನ ಮುಖವನ್ನೊಮ್ಮೆ ನೋಡಿದಳು. ಆಮೇಲೆ ಮೂಟೆಯಿಂದ ಇಳಿದು ಎರಡನೆಯ ಲೋಟದ ಬಟ್ಟೆ ಬಿಚ್ಚಿದಳು. ಹರಿದಾಸರು ಕನ್ನಡಕ ಏರಿಸಿಕೊಂಡು ಬಗ್ಗಿದರು. ಗುಂಡವ್ವನೂ ಒಳಗೆ ಬಂದು, ಮೊಬೈಲಿನ ಟಾರ್ಚು ಹಚ್ಚಿ ಹಿಡಿದಳು.

ಮೊದಲು ಕಂಡದ್ದು ಹರಿದಾಸರಿಗೇ. ಕೆಂಚು ಕಾಳೊಂದರ ಬೆನ್ನಿಗೆ ಅಂಟಿಕೊಂಡು, ಸಾಸಿವೆಗಿಂತ ಎಷ್ಟೋ ಚಿಕ್ಕದೊಂದು ಬಿಳಿ ಚುಕ್ಕೆ.

"ಗುಂಡವ್ವ, ಉಸಿರು ಬಿಡಬೇಡ," ಎಂದು ಪಿಸುಗುಟ್ಟಿ, ಅವರು ಲೋಟದ ಸುತ್ತ ಎರಡೂ ಕೈ ಅಡ್ಡ ಹಿಡಿದರು.