ತೊಳೆದಿಟ್ಟ ಪದಕಗಳು

ಟವೆಲಿನ ಮೇಲೆ ಎರಡು ಪದಕಗಳು ಒಣಗುತ್ತಿದ್ದವು. ಯಾವುದು ಯಾರದು ಎಂಬುದು ಮರೆತುಹೋಗಿದೆ ಎಂದು ಶೇಷಪ್ಪನಿಗೆ ಆಗ ಹೊಳೆಯಿತು.

ಸಾಗರದಲ್ಲಿ ಮರ ಕೊಯ್ಯುವ ಸಾಮಿಲ್ಲೊಂದರಲ್ಲಿ ಗುಮಾಸ್ತನಾಗಿದ್ದ ಅವನಿಗೆ ಮಿಲಿಟರಿ ಸಾಮಾನು ಕೂಡಿಡುವ ಹುಚ್ಚು. ಬಿಸ್ಕತ್ತಿನ ಡಬ್ಬದಲ್ಲಿ ಹಿತ್ತಾಳೆ ಗುಂಡಿಗಳು, ಟೋಪಿಯ ಬಿಲ್ಲೆಗಳು, ತುಕ್ಕು ಹಿಡಿದ ಒಂದು ಬಯೊನೆಟ್ಟು. ಸಂಜೆ ಶಾಲೆಯಲ್ಲಿ ಕಲಿತ ಇಂಗ್ಲಿಷಿನಿಂದ ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿ, ಪದಕದ ಯಾವ ಬಣ್ಣದ ಪಟ್ಟಿ ಯಾವ ಯುದ್ಧದ್ದು ಎಂದು ಹೇಳುತ್ತಿದ್ದ. ಹೇಳಿದ ಮೇಲೆ, ತಪ್ಪಾಗಿದ್ದರೆ ಎಂದು ಎರಡು ದಿನ ಅನ್ನ ಸೇರುತ್ತಿರಲಿಲ್ಲ.

ಅರವತ್ತೊಂಬತ್ತರ ಗಣರಾಜ್ಯೋತ್ಸವಕ್ಕೆ ಪೇಟೆಯಲ್ಲಿ ಪ್ರದರ್ಶನ ಏರ್ಪಟ್ಟಾಗ, ಯುದ್ಧದ ನೆನಪಿನ ವಸ್ತುಗಳನ್ನು ಮನೆಮನೆ ಸುತ್ತಿ ಕೇಳಿ ತಂದವನು ಅವನೇ. ತುಮರಿಯ ಹೂವಮ್ಮ ತನ್ನ ಗಂಡ ಪುಟ್ಟಪ್ಪನ ಪದಕ ಕೊಟ್ಟಿದ್ದಳು. ಪುಟ್ಟಪ್ಪ ಬರ್ಮಾದಲ್ಲಿ ಸತ್ತಿದ್ದ. ಮನುಷ್ಯ ಬರಲಿಲ್ಲ, ಟಪಾಲಿನಲ್ಲಿ ಪದಕ ಬಂತು. ಸಾಗರದಲ್ಲೇ ಇದ್ದ ನಿವೃತ್ತ ಹವಾಲ್ದಾರ ಕೆರಿಯಪ್ಪನೂ ತನ್ನದನ್ನು ಕೊಟ್ಟಿದ್ದ. ಎರಡೂ ಒಂದೇ ಅಚ್ಚು: ಒಂದು ಮೈಯಲ್ಲಿ ರಾಜನ ತಲೆ, ಇನ್ನೊಂದರಲ್ಲಿ ಸಿಂಹ. ಕೆಲವು ಪದಕಗಳ ಅಂಚಿನಲ್ಲಿ ಸಿಪಾಯಿಯ ಹೆಸರು, ನಂಬರು ಕೊರೆದಿರುತ್ತದೆ. ಇವುಗಳಲ್ಲಿ ಅದೂ ಇರಲಿಲ್ಲ.

ಜನ ಮುಟ್ಟಿ ಮುಟ್ಟಿ ಮಾಸಿದ್ದನ್ನು ಹಾಗೆಯೇ ಹಿಂದಿರುಗಿಸಲು ಶೇಷಪ್ಪನಿಗೆ ಮನಸ್ಸು ಒಪ್ಪಲಿಲ್ಲ. ಪದಕಗಳಿಗೆ ಕಟ್ಟಿದ್ದ ಹೆಸರಿನ ಚೀಟಿ ನೆನೆಯಬಾರದೆಂದು ಬಿಚ್ಚಿಟ್ಟ. ಹುಣಸೆಹಣ್ಣು, ಬೂದಿ ಹಾಕಿ ಒಂದೇ ಬೋಗುಣಿಯಲ್ಲಿ ಎರಡನ್ನೂ ಉಜ್ಜಿದ. ಲಡ್ಡಾದ ಪಟ್ಟಿ ಕಿತ್ತು ಹೊಸದನ್ನು ಹೊಲಿದ. ಹೂವಮ್ಮನ ಪದಕದಲ್ಲಿ ಇಪ್ಪತ್ತು ವರ್ಷ ಹಚ್ಚಿದ ಕುಂಕುಮ ಸಿಂಹದ ಕಾಲಸಂದಿಯಲ್ಲಿ ಗಟ್ಟಿಯಾಗಿ ಕೂತಿತ್ತು. ಅದನ್ನೂ ಕಡ್ಡಿಯಿಂದ ಕೆದಕಿ ತೆಗೆದಿದ್ದ. ಗುರುತಿಗೆ ಇದ್ದದ್ದು ಅದೊಂದೇ ಎಂದು ಈಗ ತಿಳಿಯಿತು.

ಅಷ್ಟರಲ್ಲಿ ಹೂವಮ್ಮ ಬಾಗಿಲಲ್ಲಿ ನಿಂತಿದ್ದಳು. ಹಿನ್ನೀರು ದಾಟುವ ಬೆಳಗಿನ ಲಾಂಚಿಗೇ ಹೊರಟವಳು.

"ಎಂತ ತಮ್ಮಾ, ಆಯ್ತಾ ನಿಮ್ಮ ಜಾತ್ರೆ?"

ಶೇಷಪ್ಪ ಪದಕಗಳನ್ನು ತಿರುಗಿಸಿ ನೋಡಿದ. ಒಂದರ ಅಂಚಿನಲ್ಲಿ ಸಣ್ಣ ಕಚ್ಚು. ಹವಾಲ್ದಾರನಾದವನು ತನ್ನ ಪದಕಕ್ಕೆ ಪೆಟ್ಟು ಬೀಳಲು ಬಿಡುವನೇ? ಕಚ್ಚು ಇದ್ದದ್ದು ಹೂವಮ್ಮನದೇ ಇರಬೇಕು, ಅವಳು ಇಡುವ ಗೋಡೆಗೂಡಿನಿಂದ ಬಿದ್ದಿರಬೇಕು. ಅದನ್ನೇ ಕೊಟ್ಟ.

ಅವಳು ಕಣ್ಣಿಗೊತ್ತಿಕೊಂಡಳು. "ಇದೇ. ಕೈಗೆ ಬಂದ್ಕೂಡ್ಲೆ ಗೊತ್ತಾಯ್ತು ನೋಡು."

ಶೇಷಪ್ಪನಿಗೆ ಹೋದ ಜೀವ ಬಂದಂತಾಯಿತು.

ನಾಲ್ಕು ದಿನ ಬಿಟ್ಟು ಕೆರಿಯಪ್ಪ ಬಂದ. ಪದಕವನ್ನು ಬೆರಳಲ್ಲಿ ತಿರುಗಿಸಿ ನಕ್ಕ.

"ಎಂತ ಮಾರಾಯ, ಕಚ್ಚು ಎಲ್ಲಿ? ಅದನ್ನೂ ತೊಳ್ದುಬಿಟ್ಯಾ? ನಂದನ್ನ ಎತ್ತಿನ ಕೊರಳಿಗೆ ಕಟ್ಟಿದ್ದೆ ಕಣೋ, ಕೊಟ್ಟಿಗೆ ಕಲ್ಲಿಗೆ ಬಡ್ದು ಕಚ್ಚಾಗಿತ್ತು."

ಶೇಷಪ್ಪ ತಡವರಿಸುತ್ತ ಎಲ್ಲವನ್ನೂ ಹೇಳಿದ.

"ಹೋಗ್ಲಿ ಬಿಡು. ಸರ್ಕಾರ ಮಂಡಕ್ಕಿ ಹಂಚಿದಂಗೆ ಹಂಚಿದ್ದು. ಇದನ್ನೇ ಎತ್ತಿಗೆ ಕಟ್ತೀನಿ."

"ಬ್ಯಾಡಿ ಹವಾಲ್ದಾರ್ರೆ! ಒಂದೆರಡು ದಿನ ಕೊಡಿ. ಹೂವಕ್ಕಂಗೆ ಹೇಳಿ ಬದಲಿಸ್ಕಂಡ್ ಬರ್ತೀನಿ."

ಕೆರಿಯಪ್ಪನ ನಗು ನಿಂತಿತು. "ಅವಳು ನೆಮ್ಮದಿಲಿ ಇದ್ದಾಳೆ. ನಿಂಗೆ ಹೊಟ್ಟೆನೋವು ಅಂತ ಅವಳಿಗ್ಯಾಕೆ ಕಷಾಯ ಕುಡಿಸ್ತೀಯಾ?"

ಆದರೂ ಪದಕವನ್ನು ಬಿಟ್ಟು ಹೋದ. ಮರುದಿನ ಲಾಂಚಿನಲ್ಲಿ ನಿಂತ ಶೇಷಪ್ಪನ ಕಿವಿಯಲ್ಲಿ ಅದೇ ಮಾತು. ಹೇಳಿದರೆ ಅವಳ ನೆಮ್ಮದಿ ಕೆಟ್ಟೀತು. ಹೇಳದಿದ್ದರೆ ಪುಟ್ಟಪ್ಪ ಎತ್ತಿನ ಕೊರಳಿಗೆ. ಇಳಿದು ಹಿಂದಿರುಗೋಣವೆಂದರೆ ಸುತ್ತ ನೀರು.

ಹೂವಮ್ಮನ ಮನೆಯ ಗೋಡೆಗೂಡಿನಲ್ಲಿ ಪದಕ ಆಗಲೇ ಕುಂಕುಮದಿಂದ ಕೆಂಪಾಗಿತ್ತು. ಅವಳು ಕೊಟ್ಟ ಬೆಲ್ಲ, ನೀರು ಮುಟ್ಟದೆ ಶೇಷಪ್ಪ ನಡೆದದ್ದನ್ನೆಲ್ಲ ಹೇಳಿ ಮುಗಿಸಿದ.

"ಹಂಗಾದ್ರೆ ಇಷ್ಟು ದಿನ ನಾನು ಆ ಕೆರಿಯಪ್ಪಂಗೆ ಕುಂಕುಮ ಹಚ್ಚಿದ್ನಾ?"

"ಹೌದಕ್ಕ."

ಅವಳು ಬಿದ್ದು ಬಿದ್ದು ನಕ್ಕಳು. ನಗುತ್ತಿದ್ದವಳು ಥಟ್ಟನೆ ಗೂಡಿನ ಕಡೆ ತಿರುಗಿದಳು.

"ಕೈಗೆ ಬಂದ್ಕೂಡ್ಲೆ ಗೊತ್ತಾಯ್ತು ಅಂದಿದ್ನಲ್ಲ ತಮ್ಮಾ. ನಂಗೂ ಗೊತ್ತಾಗ್ಲಿಲ್ಲ."

ಇದು ಶೇಷಪ್ಪನ ಲೆಕ್ಕಕ್ಕೇ ಬಂದಿರಲಿಲ್ಲ. ತನ್ನ ತಪ್ಪು ಹೇಳಿಕೊಳ್ಳಲು ಬಂದವನು ಅವಳಿಗೂ ಒಂದು ತಪ್ಪು ಹೊರಿಸಿದಂತಾಗಿತ್ತು. ಹೋಗಿಬಿಡೋಣವೆಂದು ಎದ್ದ.

"ಎಲ್ಲಿಗೆ? ಲಾಂಚು ನಾಕು ಗಂಟೆಗೆ. ಕೂತ್ಕ." ಅವಳು ಅವನು ತಂದ ಪದಕವನ್ನು ಎತ್ತಿಕೊಂಡಳು. "ಈ ಸಲ ಖಾತ್ರಿನಾ?"

ಹೌದು ಎಂದರೆ ಸಾಕಿತ್ತು. ಶೇಷಪ್ಪ ಹಾಗೆನ್ನಲಿಲ್ಲ. "ಕೆರಿಯಪ್ಪನವ್ರು ಹೇಳಿದ್ದು ನಿಜ ಆದ್ರೆ, ಖಾತ್ರಿ."

ಹೂವಮ್ಮ ಒಳಗೆ ಹೋಗಿ ಚಾಣ, ಸುತ್ತಿಗೆ ತಂದಳು.

"ಡ್ಯಾಮಿನ ಮುಳುಗಡೆಲಿ ಊರು ಬಿಡೋವಾಗ ಮೂರು ಮನೆ ಪಾತ್ರೆ ಒಂದೇ ಲಾರಿಗೆ ತುಂಬಿದ್ರು. ಗುರುತು ಹಾಕಿದ್ದು ಮಾತ್ರ ನಮ್ಮನೆಗೆ ಬಂತು. ಮದುವೆಮನೆಗೆ ಕೊಡೋ ಸೌಟಿಗೂ ಗುರುತು ಹಾಕ್ತೀನಿ. ಇದಕ್ಕೆ ಹಾಕ್ಲಿಲ್ಲ. ಗಟ್ಟಿ ಹಿಡ್ಕ."

ಪದಕಕ್ಕೆ ಗೀರು ಬಿದ್ದರೆ ಅದು ಕೆಟ್ಟಂತೆಯೇ ಎಂದು ಎಷ್ಟು ಜನರಿಗೆ ಹೇಳಿದ್ದನೋ! ಪ್ರದರ್ಶನದಲ್ಲಿ 'ಮುಟ್ಟಬಾರದು' ಎಂದು ಬೋರ್ಡು ಬರೆದವನೂ ಅವನೇ. ಈಗ ಪದಕವನ್ನು ಹೊಸ್ತಿಲ ಮೇಲೆ ಅಂಚು ಮೇಲಾಗಿ ನಿಲ್ಲಿಸಿ, ಎರಡೂ ಕೈಯಿಂದ ಒತ್ತಿ ಹಿಡಿದ. ಪ್ರತಿ ಪೆಟ್ಟೂ ಅವನ ಮೊಣಕೈವರೆಗೆ ಏರಿತು. ಎರಡು ಗೀರು, ಒಂದು ಚುಕ್ಕಿ. ಅವಳ ಚರಿಗೆ, ತಂಬಿಗೆಗಳ ಮೇಲೆಲ್ಲ ಇದ್ದ ಗುರುತು.

"ಇನ್ನು ಯಾರು ಎಷ್ಟು ಬೇಕಾದ್ರೂ ತೊಳೀಲಿ" ಎಂದಳು ಹೂವಮ್ಮ.

ಕೆರಿಯಪ್ಪನ ಪದಕವನ್ನು ಸೆರಗಿನಲ್ಲಿ ಒರೆಸಿ ಶೇಷಪ್ಪನಿಗೆ ಕೊಟ್ಟಳು. ಪುಟ್ಟಪ್ಪನದನ್ನು ಗೂಡಿನಲ್ಲಿಟ್ಟಳು. ಕುಂಕುಮದ ಬಟ್ಟಲು ಪಕ್ಕದಲ್ಲೇ ಇತ್ತು. ಇಪ್ಪತ್ತು ವರ್ಷ ಅದರತ್ತ ಹೋಗುತ್ತಿದ್ದ ಅವಳ ಕೈ ಇಂದು ಹೋಗಲಿಲ್ಲ.

ಅವಳು ಕೊಟ್ಟಿಗೆಯ ಕೆಲಸಕ್ಕೆ ಹೋದಳು. ಶೇಷಪ್ಪ ಆ ಬಟ್ಟಲನ್ನೇ ನೋಡುತ್ತ ಲಾಂಚು ಬರುವವರೆಗೂ ಕೂತಿದ್ದ.