ಇಲ್ಲದ ಅಧ್ಯಾಯಕ್ಕೆ ಅತ್ತವರು

ನನ್ನ ಪುಸ್ತಕ ಬಿಡುಗಡೆ ಮಾಡಿದ ಗಂಗಾಧರಯ್ಯನವರ ಮೀಸೆಯ ತುದಿಗೆ ಕಾಫಿ ನೊರೆ ಅಂಟಿಕೊಂಡಿದೆ, ಅವರಿಗೆ ಗೊತ್ತಿಲ್ಲ, ಒರೆಸಿಕೊಳ್ಳಿ ಸಾರ್ ಎನ್ನಲು ನನಗೆ ಬಾಯಿ ಬರುತ್ತಿಲ್ಲ, ಪುರವಣಿಯನ್ನು ಮೂಗಿನ ಹತ್ತಿರ ಹಿಡಿದು ನನ್ನ ಕಾದಂಬರಿಯ ಬಗ್ಗೆ ಶ್ರೀಹರಿ ಬರೆದ ವಿಮರ್ಶೆಯನ್ನು ನನಗೇ ಓದಿ ಹೇಳುತ್ತಿದ್ದಾರೆ, ಬೆಳಗಿನಿಂದ ಓದಿ ಓದಿ ಬಾಯಿಪಾಠವಾಗಿದೆ ಎಂದರೂ ಕೇಳುವವರಲ್ಲ, ಭಾನುವಾರ ಬೇರೆ, ಹನುಮಂತನಗರದ ನನ್ನ ಮನೆಯ ಹಾಲ್‌ನಲ್ಲಿ ಸಾವಿನ ಮನೆಗೆ ಬಂದವರ ಮುಖ ಹೊತ್ತು ಕುಳಿತಿದ್ದಾರೆ, ಸಾವಿನ ಮನೆಯಲ್ಲಾದರೆ ಉಪ್ಪಿಟ್ಟಿಗೆ ಇನ್ನೊಂದು ಚೂರು ಚಟ್ನಿ ಕೇಳುತ್ತಿರಲಿಲ್ಲ. ಕೇಳಿ ಮೈತ್ರೇಯಿ, ಏನ್ ಬರೆದಿದಾನೆ ನೋಡಿ — ತಾಯಿಯ ಕೈಗಳನ್ನು ಇಷ್ಟು ಹತ್ತಿರದಿಂದ ಕಂಡ ಲೇಖಕಿ ಆಕೆಯ ಸಾವಿನೆದುರು ಕಣ್ಣು ಮುಚ್ಚಿಕೊಳ್ಳುತ್ತಾರೆ, ಒಂದು ಪುಟದಲ್ಲಿ ಹುಣಸೆಹಣ್ಣು ಕಿವುಚುತ್ತಿದ್ದ ತಾಯಿ ಮುಂದಿನ ಪುಟದಲ್ಲಿ ಹಾರ ಹಾಕಿದ ಫೋಟೊ, ಇದು ಸಂಯಮವಲ್ಲ, ಹೇಡಿತನ. ಹೇಡಿತನವಂತೆ, ಎಂದರು ಕಲ್ಯಾಣಮ್ಮ, ನಮ್ಮ ಓದುಗರ ಬಳಗದ ಅಧ್ಯಕ್ಷೆ, ಮೊದಲ್ನೇ ಕಾದಂಬರಿ ಕಣ್ರೀ, ಸ್ವಲ್ಪ ಮೆತ್ತಗೆ ಬರೆದಿದ್ರೆ ಅವನ ಗಂಟೇನು ಹೋಗ್ತಿತ್ತು, ಬರೆಯೋರ ಮನಸ್ಸು ನೋಯಿಸೋದೂ ಒಂದು ವಿಮರ್ಶೇನಾ. ಕೈ ಹಿಡಿದು ನಡೆಸಬೇಕಮ್ಮ ವಿಮರ್ಶಕ ಅನ್ನೋನು, ಕಾಲು ಮುರಿಯೋದಲ್ಲ, ಎಂದರು ಗಂಗಾಧರಯ್ಯ, ನೊರೆ ಇನ್ನೂ ಅಲ್ಲೇ ಇದೆ.

ಬೆಳಿಗ್ಗೆ ನನಗೂ ಮೈ ಉರಿದಿತ್ತು, ಆ ಸಾವನ್ನು ಒಂದು ಇಡೀ ಅಧ್ಯಾಯ ಬರೆದಿದ್ದೇನೆ, ಅತ್ತು ಅತ್ತು ಬರೆದಿದ್ದೇನೆ, ಓದದೆಯೇ ಬರೆದ ಅಯೋಗ್ಯ ಇವನು ಎಂದುಕೊಂಡೇ ಪುಸ್ತಕ ತೆರೆದೆ, ಬಿಡುಗಡೆಯಾಗಿ ಮೂರು ತಿಂಗಳಾದ ಮೇಲೆ ಮೊದಲ ಸಲ ತೆರೆದೆ, ಅಚ್ಚಾದ ಪುಸ್ತಕ ತೆರೆದರೆ ಮೊದಲು ಕಣ್ಣಿಗೆ ಬೀಳುವುದೇ ಅಚ್ಚಿನ ತಪ್ಪು ಎಂಬ ಭಯಕ್ಕೆ ಹಸ್ತಾಕ್ಷರ ಹಾಕುವ ಪುಟ ದಾಟಿ ನಾನು ಒಳಗೆ ಹೋಗಿರಲೇ ಇಲ್ಲ — ಹುಣಸೆಹಣ್ಣು, ಪುಟ ಮಗುಚಿದೆ, ಫೋಟೊ. ಮತ್ತೆ ಹಿಂದಕ್ಕೆ, ಹುಣಸೆಹಣ್ಣು, ಫೋಟೊ, ನಡುವೆ ಏನೂ ಇಲ್ಲ, ಪುಟಸಂಖ್ಯೆ ಮಾತ್ರ ಏನೂ ಆಗದ ಹಾಗೆ ನಡೆದುಕೊಂಡು ಹೋಗಿದೆ. ಕೊನೆಯ ಕರಡಿನಲ್ಲಿ ನಾನೇ ಹೇಳಿದ್ದೆ, ಈ ಅಧ್ಯಾಯ ಎತ್ತಿ ಸ್ವಲ್ಪ ಮುಂದಕ್ಕೆ ಹಾಕಿ ಎಂದು, ಚಾಮರಾಜಪೇಟೆಯಲ್ಲಿ ಪುಟ ಜೋಡಿಸುವ ಡಿಟಿಪಿಯವರು ಎತ್ತಿದ್ದಾರೆ, ಹಾಕಿಲ್ಲ, ಬಿಡುಗಡೆಗೆ ಸಭಾಂಗಣ ಗೊತ್ತಾಗಿಬಿಟ್ಟಿತ್ತು, ಆಹ್ವಾನ ಪತ್ರಿಕೆ ಹಂಚಿಯಾಗಿತ್ತು, ಇನ್ನೊಮ್ಮೆ ನೋಡಲು ಯಾರಿಗೆ ಪುರುಸೊತ್ತು. ಅಂದರೆ ಶ್ರೀಹರಿ ಓದಿದ್ದಾನೆ. ಓದಿದ್ದಾನೆ, ಪುಸ್ತಕದಲ್ಲಿ ಏನಿತ್ತೋ ಅದನ್ನೇ ಓದಿದ್ದಾನೆ, ಸಾಧುವೇನಲ್ಲ, ಹೇಡಿತನ ಎಂದು ಬರೆಯುವಾಗ ಅವನಿಗೆ ಒಳಗೊಳಗೇ ಖುಷಿಯಾಗಿರುತ್ತದೆ, ಆದರೆ ಕೈಗಳ ಬಗ್ಗೆ ಬರೆದಿದ್ದಾನಲ್ಲ, ಅಮ್ಮನ ಕೈಗಳನ್ನು ಇವನೊಬ್ಬನೇ ನೋಡಿದ್ದಾನೆ.

ಇವರು? ಬಿಡುಗಡೆಯ ದಿನ ಶಾಲು ಹೊದಿಸಿಕೊಂಡು ಗಂಗಾಧರಯ್ಯ ಮೈಕಿನಲ್ಲಿ ಏನೆಂದರು, ತಾಯಿಯ ಸಾವಿನ ಮನ ಕಲಕುವ ಚಿತ್ರಣ ಎಂದರು, ಕಲ್ಯಾಣಮ್ಮನೂ ಬಳಗದಲ್ಲಿ ಮನ ಕಲಕುವ ಚಿತ್ರಣ ಎಂದರು, ಆಗ ಹಿಗ್ಗಿ ಹೀರೇಕಾಯಿಯಾಗಿದ್ದೆ, ಥೂ, ಆ ಮಾತು ಪುಸ್ತಕದ ಬೆನ್ನಿನ ಮೇಲಿದೆ, ಬೆನ್ನುಡಿ ನೀವೇ ಬರೆದುಕೊಡಿ ಎಂದು ಪ್ರಕಾಶಕರು ಹೇಳಿದಾಗ ನಾನೇ ನಾಚಿಕೆ ಬಿಟ್ಟು ಬರೆದುಕೊಟ್ಟದ್ದು, ನನ್ನ ಎಂಜಲನ್ನು ನನಗೇ ಬಡಿಸಿದರು, ನಾನು ಚಪ್ಪರಿಸಿಕೊಂಡು ತಿಂದೆ. ಈಗ ಕಲ್ಯಾಣಮ್ಮ ಮೊಬೈಲಿನಲ್ಲಿ ಬಳಗದ ಖಂಡನೆ ಒತ್ತುತ್ತಿದ್ದಾರೆ, ತಾಯಿ ಸಾಯುವ ಅಧ್ಯಾಯವನ್ನು ಓದಿ ಕರಗದವನು ಮನುಷ್ಯನೇ ಅಂತ ಹಾಕ್ಲಾ ಸಾರ್, ಹಾಕಿ ಹಾಕಿ, ಅದನ್ನ ಓದಿದ ದಿನ ನನಗೆ ಊಟ ಸೇರ್ಲಿಲ್ಲ ಕಲ್ಯಾಣಮ್ಮ. ಎದ್ದು ಹೇಳಿಬಿಡಲೇ, ಅಂಥ ಅಧ್ಯಾಯವೇ ಪುಸ್ತಕದಲ್ಲಿಲ್ಲ, ತಟ್ಟೆ ಕೆಳಗಿಡಿ ಎಂದು, ಹೇಳಿದರೆ ಇವರ ಮುಖ ನೋಡಬೇಕು, ನೋಡಲೂ ಅಸಹ್ಯ, ಇವರ ಕರುಣೆಗಿಂತ ಅವನ ಬೈಗುಳ ಶುದ್ಧವಾಗಿದೆ, ಇವರು ಓದದಿದ್ದರೆ ಹಾಳಾಗಿ ಹೋಗಲಿ — ಆದರೆ ಯಮುನಾ.

ತಂಗಿ ಯಮುನಾ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಾಳೆ, ಪುಸ್ತಕ ಅವಳಿಗೆ ಅರ್ಪಣೆ, ಆ ಅಧ್ಯಾಯವೂ ಅವಳಿಗೇ ಬರೆದದ್ದು, ಅಮ್ಮ ಹೋದಾಗ ಅವಳು ಮೈಸೂರಿನಿಂದ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು, ಅಮ್ಮನ್ನ ನೀನೊಬ್ಬಳೇ ಕಳಿಸ್ಕೊಟ್ಟೆ, ನನಗೆ ಯಾಕೆ ಮೊದ್ಲೇ ಹೇಳ್ಲಿಲ್ಲ ಎಂದು ವರ್ಷಗಟ್ಟಲೆ ಮಾತು ಬಿಟ್ಟಳು, ಕೊನೆಗೆ ಅಮ್ಮ ನನ್ನ ಕೈ ಹಿಡಿದು ಯಮುನಾ ಬಂದ್ಯಾ ಎಂದಿದ್ದನ್ನು, ಹೂಂ ಅಮ್ಮ ನಾನೇ ಯಮುನಾ ಎಂದು ನಾನು ಸುಳ್ಳು ಹೇಳಿದ್ದನ್ನು, ಆ ಸುಳ್ಳಿಗೆ ಅಮ್ಮ ನೆಮ್ಮದಿಯಾಗಿ ಕಣ್ಣು ಮುಚ್ಚಿದ್ದನ್ನು ಎದುರಿಗೆ ಹೇಳಲಾಗದೆ ಬರೆದೆ. ಬಿಡುಗಡೆಯಾದ ವಾರಕ್ಕೆ ಅವಳೇ ಫೋನ್ ಮಾಡಿದಳು, ಓದಿದೆ ಅಕ್ಕ, ಅಮ್ಮ ಹೋಗೋ ಕಡೆ ತುಂಬಾ ಅತ್ತುಬಿಟ್ಟೆ, ಹಿಂದಿಂದೆಲ್ಲಾ ಮರೆತುಬಿಡೋಣ ಕಣೇ, ಮರೆತೆವು, ಬರಹಕ್ಕೆ ಎಂಥ ಶಕ್ತಿ ಎಂದು ನಾನು ದೇವರ ಮುಂದೆ ದೀಪ ಹಚ್ಚಿದ್ದೆ. ಎದ್ದು ಹತ್ತಿರ ಹೋದೆ, ಕೇಳಬಾರದು, ಕೇಳಿದರೆ ಸಿಕ್ಕ ತಂಗಿ ಮತ್ತೆ ಹೋಗುತ್ತಾಳೆ, ಕೇಳಿಬಿಟ್ಟೆ, ಯಮುನಾ, ಆ ಅಧ್ಯಾಯದಲ್ಲಿ ಅಮ್ಮ ಕೊನೇಲಿ ಯಾರನ್ನ ಕರೀತಾಳೆ ಹೇಳೇ. ಒಂದು ಕ್ಷಣ ನನ್ನನ್ನು ನೋಡಿದಳು, ಆಮೇಲೆ ನನ್ನ ಹಿಂದಿದ್ದ ಗೋಡೆಯನ್ನು. ದೇವರನ್ನ ಅಲ್ವಾ ಅಕ್ಕ, ನೆನೆಸ್ಕೊಂಡ್ರೆ ಈಗ್ಲೂ ಅಳು ಬರುತ್ತೆ, ಎಂದು ತೋರುಬೆರಳಿನಿಂದ ಕಣ್ಣ ಕೆಳಗೆ ಒರೆಸಿಕೊಂಡಳು, ಕಣ್ಣಿನಲ್ಲಿ ಏನೂ ಇಲ್ಲ, ನಿನ್ನನ್ನೇ ಕಣೇ ಎನ್ನಬೇಕು, ನಿನ್ನ ಹೆಸರನ್ನೇ ಹಿಡಿದು ಹೋದಳು ಎನ್ನಬೇಕು, ಬೆರಳು ಇನ್ನೊಂದು ಕಣ್ಣಿಗೆ ಹೋಯಿತು, ಹಾಲ್‌ನಲ್ಲಿ ಯಾರೋ ಪಾಪ ಎನ್ನುತ್ತಿದ್ದಾರೆ, ಬೆರಳು ಒರೆಸುತ್ತಿದೆ, ಒಣಗಿದ ಕಣ್ಣು, ಒಣಗಿದ ಬೆರಳು, ಮತ್ತೆ ಒರೆಸುತ್ತಿದೆ.