ಅಣ್ಣನ ಕುರಿ ಚೆನ್ನಾಗಿದೆ

ಪ್ರಾಣಿರೋಗಗಳ ಆ ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಮೇಡಂ ಎಂದೇ ಕರೆಯುತ್ತಿದ್ದರು. ಅರ್ಧ ತಲೆ ನರೆತ ಆ ಮೇಡಂ ಅವರನ್ನು 'ಪುಟ್ಟಿ' ಎಂದು ಕರೆಯುವ ಜೀವ ಜಗತ್ತಿನಲ್ಲಿ ಒಂದೇ ಉಳಿದಿತ್ತು, ಅದು ಅವಳ ಅಣ್ಣ. ಅಂದು ಬೆಳಿಗ್ಗೆ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮದುವೆಮನೆಗೆ ಹೊರಟವನ ಹಾಗೆ, ಕಾರಿಡಾರಿನ ಬೆಂಚಿನ ಮೇಲೆ ಬಂದು ಕೂತಿದ್ದ.

"ಫೋನಲ್ಲಿ ಹೇಳ್ತೀನಿ ಅಂದಿದ್ನಲ್ಲ ಅಣ್ಣ," ಎಂದಳು ಪುಟ್ಟಿ.

"ಫೋನಲ್ಲಿ ನೀನು ಹೇಳೋದು ಒಂದೂ ನನ್ನ ತಲೆಗೆ ಹತ್ತಲ್ಲ. ಮುಖ ನೋಡಿದ್ರೆ ಗೊತ್ತಾಗುತ್ತೆ. ನೀನು ಹೋಗು, ನಿನ್ನ ಕೆಲಸ ನೋಡು. ನಾನಿಲ್ಲೇ ಇರ್ತೀನಿ."

ಅವಳು ನೋಡಬೇಕಾಗಿದ್ದ ಕೆಲಸ ಅವನದೇ ಕುರಿಯ ಮಿದುಳು. ಅಣ್ಣನ ಹಿಂಡಿನಲ್ಲಿ ಒಂದು ಹೆಣ್ಣುಕುರಿ ತಿಂಗಳುಗಟ್ಟಲೆ ಬೇಲಿಗೆ ಮೈ ಉಜ್ಜಿ ಉಜ್ಜಿ ಉಣ್ಣೆಯನ್ನೆಲ್ಲ ಕಳೆದುಕೊಂಡಿತ್ತು. ಆಮೇಲೆ ಹಿಂಗಾಲು ತೂರಾಡತೊಡಗಿತು. ಕೊನೆಗೆ ಮಲಗಿದ್ದು ಏಳಲೇ ಇಲ್ಲ. "ಸತ್ತಿದ್ದು ಸತ್ತಿತು, ಸದ್ದಿಲ್ಲದೆ ಹೂತುಬಿಡಿ" ಅಂದಿದ್ದಳು ಅತ್ತಿಗೆ, ಲೋಕ ಬಲ್ಲ ಹೆಂಗಸು. ತಂಗಿಯೇ ಫೋನಿನ ಮೇಲೆ ಫೋನು ಮಾಡಿ, "ನಿನ್ನ ಹಿಂಡಿನ ಒಳ್ಳೇದಕ್ಕೇ ಅಣ್ಣ, ತಲೆ ಒಂದು ಕಳಿಸಿಕೊಡು. ಏನೂ ಇಲ್ಲ ಅಂತ ಗೊತ್ತಾದ್ರೆ ನಿನಗೂ ನೆಮ್ಮದಿ" ಎಂದು ಪುಸಲಾಯಿಸಿದ್ದಳು.

ಮಾತು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.

ಅವಳು ಹುಡುಕುತ್ತಿದ್ದುದು ಪ್ರಿಯಾನ್ ರೋಗವನ್ನು. ಹೆಸರಿನಲ್ಲಿ ಪ್ರಿಯ, ಗುಣದಲ್ಲಿ ಯಮ. ಇದಕ್ಕೆ ಕ್ರಿಮಿಯೂ ಇಲ್ಲ, ಕೀಟವೂ ಇಲ್ಲ. ಮೈಯೊಳಗಿನ ಒಂದು ಪ್ರೋಟೀನು ಮಡಿಕೆ ತಪ್ಪುತ್ತದೆ, ಪಕ್ಕದಲ್ಲಿರುವ ಒಳ್ಳೆಯದನ್ನೂ ತನ್ನ ಹಾಗೇ ತಪ್ಪಾಗಿ ಮಡಚುತ್ತದೆ. ಸಹವಾಸದೋಷ ಎನ್ನುತ್ತಾರಲ್ಲ, ಅದೇ. ನೋಡನೋಡುತ್ತ ಮಿದುಳು ತೂತುತೂತಾಗುತ್ತದೆ. ಕುದಿಸಿದರೆ ಸಾಯದು, ಮದ್ದಿಗೆ ಬಗ್ಗದು, ಮಣ್ಣಿನಲ್ಲಿ ವರ್ಷಗಟ್ಟಲೆ ಹೊಂಚುಹಾಕಿ ಕೂರುತ್ತದೆ. ಹಾಗಾಗಿ ಹಿಂಡಿನ ಒಂದು ಕುರಿಗೆ ಬಂದಿದ್ದು ಖಚಿತವಾದರೆ ಇಡೀ ಹಿಂಡನ್ನು ಕೊಂದು ಸುಡಬೇಕೆಂದು ಕಾನೂನಿತ್ತು.

ಇದನ್ನು ಅಣ್ಣನಿಗೆ ಹೇಳಿರಲಿಲ್ಲವೇ ಎಂದರೆ, ಹೇಳಿದ್ದಳು. "ಬಂದ್ರೆ ಕಷ್ಟ" ಎಂದು ಹೇಳಿ, ಅದೇ ಉಸಿರಿನಲ್ಲಿ "ಬರಲ್ಲ ಬಿಡು" ಎಂದೂ ಸೇರಿಸಿದ್ದಳು.

ಅರ್ಧ ಆಯಸ್ಸು ಈ ರೋಗದ ಬೆನ್ನು ಹತ್ತಿದವಳು ಪುಟ್ಟಿ. ಊರೂರಿನ ಕುರಿಗಳ ತಲೆ ತರಿಸಿ ನೋಡಿದ್ದೇ ಬಂತು, ಒಂದರಲ್ಲೂ ರೋಗ ಮುಖ ತೋರಿಸಿರಲಿಲ್ಲ. "ಇಲ್ಲದ ರೋಗಕ್ಕೆ ಇಷ್ಟೊಂದು ಜನ ಯಾಕಮ್ಮ? ಈ ವರ್ಷಕ್ಕೆ ಬಾಗಿಲು ಹಾಕಿ, ಕೋಳಿ ವಿಭಾಗಕ್ಕೆ ಬನ್ನಿ" ಎಂದು ನಿರ್ದೇಶಕರು ನಗುನಗುತ್ತಲೇ ಹೇಳಿದ್ದರು. ಕೋಳಿ ವಿಭಾಗ! ಅಂಥ ಹೊತ್ತಿನಲ್ಲಿ ಅಣ್ಣ ತನ್ನ ಕುರಿ ಮೈ ಉಜ್ಜುವುದನ್ನು ಫೋನಿನಲ್ಲಿ ವರ್ಣಿಸಿದಾಗ ಅವಳ ಎದೆ ಡವಡವ ಹೊಡೆದುಕೊಂಡಿತು. ಭಯಕ್ಕೆ ಎಂದುಕೊಳ್ಳುವವರು ಎಂದುಕೊಳ್ಳಲಿ. ಅದು ಆಸೆ. ಉರಿಯುವ ಮನೆಯಲ್ಲಿ ಗಳ ಹಿರಿಯುವವರನ್ನು ಅವಳೂ ಬೇಕಾದಷ್ಟು ಆಡಿಕೊಂಡವಳೇ. ಈಗ ಮನೆ ತವರಿನದು, ಗಳವೂ ತವರಿನದು.

ಒಳಗೆ ಸ್ಲೈಡಮ್ಮ ಕಾಯುತ್ತಿದ್ದಳು. ಮಿದುಳನ್ನು ಈರುಳ್ಳಿ ಪೊರೆಗಿಂತ ತೆಳ್ಳಗೆ ಕೊಯ್ದು ಗಾಜಿಗೆ ಹತ್ತಿಸುವ ಸಹಾಯಕಿ ಅವಳು. ಕೈ ಹಗುರ, ಗಂಟಲು ಮಾತ್ರ ಭಾರಿ. ಅವಳು ಬಣ್ಣ ಹಾಕಿದ ಸ್ಲೈಡನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಪುಟ್ಟಿ ತಿರುಗಣೆ ತಿರುಗಿಸಿದಂತೆ ಗೋಡೆಯ ಪರದೆಯ ಮೇಲೆ ಮಸುಕಾಗಿದ್ದುದು ನಿಧಾನವಾಗಿ ಸ್ಪಷ್ಟವಾಯಿತು. ನೀಲಿ ಕೋಶಗಳು. ಅವುಗಳ ನಡುವೆ ತೂತುಗಳು. ತೂತುಗಳ ಸುತ್ತ, ಯಾರೋ ಕೈಯಾರೆ ಉದುರಿಸಿದ ಹಾಗೆ, ಕಂದು ಬಣ್ಣದ ಕಾಳುಕಾಳು. ಆ ಕಂದು ಬಣ್ಣವೇ ರೋಗ.

ಪ್ರತಿ ಕಸುಬಿಗೂ ಅದರದೇ ಒಂದು ಭಾಷೆ ಇರುತ್ತದೆ. ಇಲ್ಲಿ ಬಣ್ಣ ಸರಿಯಾಗಿ ಹತ್ತಿ, ರೋಗ ಎದ್ದು ಕಾಣುವ ಸ್ಲೈಡಿಗೆ 'ಚೆನ್ನಾಗಿದೆ' ಎನ್ನುತ್ತಾರೆ. ಎಷ್ಟು ಕೆಟ್ಟ ರೋಗವೋ ಅಷ್ಟು ಚೆನ್ನಾದ ಸ್ಲೈಡು. ಹಸುವಿನ ಕ್ಷಯ, ನಾಯಿಯ ಹುಚ್ಚು, ಎಲ್ಲವೂ ಆ ಕೋಣೆಯಲ್ಲಿ ಚೆನ್ನಾಗಿಯೇ ಇರುತ್ತವೆ. ಹೊಸದಾಗಿ ಸೇರಿದವರಿಗೆ ಮೊದಮೊದಲು ಇರಿಸುಮುರಿಸಾಗುತ್ತದೆ, ಆಮೇಲೆ ಅವರೂ ಹಾಗೇ ಆಡುತ್ತಾರೆ.

"ಅಯ್ಯೋ ಮೇಡಂ!" ಎಂದು ಕೂಗಿದಳು ಸ್ಲೈಡಮ್ಮ. "ನಿಮ್ಮಣ್ಣನ ಕುರಿ ಎಷ್ಟು ಚೆನ್ನಾಗಿದೆ!"

ಆ ಗಂಟಲಿಗೆ ಪಕ್ಕದ ಕೋಣೆಯವರೆಲ್ಲ ಓಡಿಬಂದರು. ಪರದೆ ನೋಡಿ ಅವರೂ ಚೆನ್ನಾಗಿದೆ, ಚೆನ್ನಾಗಿದೆ ಎಂದರು. ಯಾರೋ ಚಪ್ಪಾಳೆ ತಟ್ಟಿದರು, ಎಲ್ಲರೂ ತಟ್ಟಿದರು. ನಿರ್ದೇಶಕರು ಬಂದು, "ಗೆದ್ದಿರಿ ಕಣಮ್ಮ, ಇನ್ನು ನಿಮ್ಮನ್ನ ಯಾರು ಅಲ್ಲಾಡಿಸ್ತಾರೆ?" ಎಂದರು. ಪುಟ್ಟಿ ನಕ್ಕಳು. ಎಷ್ಟೋ ವರ್ಷದಿಂದ ಕಟ್ಟಿಟ್ಟ ನಗು, ಕಟ್ಟೆ ಒಡೆದು ಬಂತು. ನಗುತ್ತ ತಿರುಗಿದಳು. ಬಾಗಿಲಿನ ಗಾಜಿನಾಚೆ ಅಣ್ಣ ನಿಂತಿದ್ದ. ಅವನೂ ನಗುತ್ತಿದ್ದ.

ಅವಳು ಹೊರಗೆ ಬಂದದ್ದೇ ತಡ, ಅಣ್ಣ ಎರಡೂ ಕೈ ಹಿಡಿದುಕೊಂಡ. "ಕೇಳಿಸ್ತು, ಎಲ್ಲಾ ಕೇಳಿಸ್ತು! ನಿನ್ನ ಮುಖ ನೋಡಿದ್ಮೇಲೆ ಹೋದ ಜೀವ ಬಂತು ನೋಡು. ನಿಮ್ಮತ್ತಿಗೆಗೆ ಆಗ್ಲೇ ಫೋನ್ ಮಾಡ್ಬಿಟ್ಟೆ, ಕುರಿ ಚೆನ್ನಾಗಿದ್ಯಂತೆ ಕಣೇ ಅಂತ."

ಹಿಂದೆಯೇ ಬಂದ ನಿರ್ದೇಶಕರಿಗೆ ಅವನ ಗುರುತು ಸಿಕ್ಕಿತು. ಕೈ ಕುಲುಕಿ, "ನಿಮ್ಮ ಕುರಿಯಿಂದ ನಮಗೆ ದೊಡ್ಡ ಉಪಕಾರ ಆಯ್ತು" ಎಂದು ಹೇಳಿ ಹೊರಟುಹೋದರು. ಅಣ್ಣ ಉಬ್ಬಿದ. ಪುಟ್ಟಿಯ ಬಾಯಲ್ಲಿ ಮಾತು ಬಿಸಿ ತುಪ್ಪವಾಯಿತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

"ಗಬ್ಬದ ಕುರಿಗಳ ಹತ್ರ ಹೋಗೋಕೂ ಹೆದರಿದ್ದೆ ಇಷ್ಟು ದಿನ," ಎನ್ನುತ್ತಿದ್ದ ಅಣ್ಣ. "ಪಾಪ, ಸುಮ್ಸುಮ್ನೆ ಅವುಗಳ ಮೇಲೆ ಅನುಮಾನ ಪಟ್ಟೆ."

ಈಗ ಸುಮ್ಮನಿದ್ದು ಅವನನ್ನು ಬಸ್ಸು ಹತ್ತಿಸಿಬಿಟ್ಟರೆ? ನಾಳೆ ಹೇಗೂ ಇಲಾಖೆಯವರು ಹೋಗುತ್ತಾರೆ, ಅವರೇ ಹೇಳಲಿ. ಇಂಥ ಯೋಚನೆಯೂ ಅವಳಿಗೆ ಬಂತು. ಬಂದದ್ದಕ್ಕೆ ನಾಚಿಕೆಯಾಯಿತು, ಆದರೂ ಅದು ಒಂದು ಗಳಿಗೆ ಅಲ್ಲೇ ಕೂತಿತ್ತು.

"ಅಣ್ಣ, ಅವರು ಚೆನ್ನಾಗಿದೆ ಅಂದಿದ್ದು ಕುರಿನಲ್ಲ."

"ಮತ್ತೆ?"

"ಸ್ಲೈಡನ್ನ. ರೋಗ ಚೆನ್ನಾಗಿ ಕಾಣ್ತಿದೆ ಅಂತ. ಇಲ್ಲಿ ಹಾಗೇ ಅಂತೀವಿ." ಅವಳು ನೆಲ ನೋಡಿದಳು. "ರೋಗ ಇದೆ ಅಣ್ಣ."

ಅವನ ಮುಖದ ನಗು ಹೋಗಲು ಹೊತ್ತು ಹಿಡಿಯಿತು. ಎಲ್ಲಿಗೆ ಹೋಗಬೇಕೆಂದು ಅದಕ್ಕೂ ತಿಳಿದಂತಿರಲಿಲ್ಲ.

"ಉಳಿದವು?"

"ಅವನ್ನೂ ಉಳಿಸೋ ಹಾಗಿಲ್ಲ. ಕಾನೂನು."

"ಎಲ್ಲಾ? ಗಬ್ಬದವೂ?"

"ಎಲ್ಲಾ."

ಅವನು ಮೆಲ್ಲಗೆ ಬೆಂಚಿನ ಮೇಲೆ ಕೂತ. ಕುರಿಗಳ ಬಗ್ಗೆ ಇನ್ನೇನಾದರೂ ಕೇಳುತ್ತಾನೆಂದು ಅವಳು ಕಾದಳು. ಕೇಳಲಿಲ್ಲ.

"ಹಾಗಾದ್ರೆ ನೀನು ನಕ್ಕಿದ್ದು?" ಎಂದ.

ಅದಕ್ಕೆ ಅವಳ ಹತ್ತಿರ ಉತ್ತರಗಳಿದ್ದವು. ಈಗಲೇ ಸಿಕ್ಕಿದ್ದರಿಂದ ನೂರಾರು ಹಿಂಡುಗಳು ಉಳಿಯುತ್ತವೆ, ವಿಜ್ಞಾನಕ್ಕೆ ಇದು ದೊಡ್ಡ ಹೆಜ್ಜೆ. ಎಲ್ಲವೂ ನಿಜ, ಸಭೆಯಲ್ಲಿ ಹೇಳಿದರೆ ಜನ ತಲೆದೂಗುವಂಥವು. ಅಣ್ಣನ ಮುಂದೆ ಒಂದಕ್ಕೂ ಬಾಯಿ ಬರಲಿಲ್ಲ. ಭೂಮಿ ಬಾಯಿ ಬಿಡಬಾರದೇ ಎನಿಸಿತು.

"ಸಿಕ್ತು ಅಂತ ನಕ್ಕೆ," ಎಂದಳು. "ತುಂಬಾ ದಿನದಿಂದ ಹುಡುಕ್ತಿದ್ದೆ. ಸಿಗ್ಲಿ ಅಂತ ಕಾಯ್ತಿದ್ದೆ."

"ನಮ್ಮ ಹಿಂಡಲ್ಲಿ?"

"ಎಲ್ಲಾದ್ರೂ. ನಮ್ಮ ಹಿಂಡಲ್ಲಾದ್ರೂ ಸರಿ ಅನ್ಸಿತ್ತು."

ಯಾವ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ತಿಳಿದುಕೊಂಡವನ ಹಾಗೆ ಅಣ್ಣ ತಲೆಯಾಡಿಸಿದ. ಬೈದಿದ್ದರೆ ಅವಳು ಬದುಕಿಕೊಳ್ಳುತ್ತಿದ್ದಳು. ಅಷ್ಟರಲ್ಲಿ ಅವನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಅತ್ತಿಗೆ. ಅವಳ ಖುಷಿ ಫೋನಿನಿಂದ ಹೊರಗೇ ಕೇಳುತ್ತಿತ್ತು, ಸಂಜೆ ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಕೇಳುತ್ತಿದ್ದಳು.

"ಇಲ್ಲಿ ಕೇಳು," ಎಂದ ಅಣ್ಣ. "ನಾನೇ ತಪ್ಪು ಕೇಳಿಸ್ಕೊಂಡೆ. ನನ್ನ ಕಿವಿ ಗೊತ್ತಲ್ಲ ನಿಂಗೆ. ರೋಗ ಇದ್ಯಂತೆ."

ಆ ಕಡೆಯ ಮಾತು ಒಮ್ಮೆಲೇ ಜೋರಾಯಿತು, ಅದರ ನಡುನಡುವೆ 'ನಿಮ್ಮ ತಂಗಿ, ನಿಮ್ಮ ತಂಗಿ' ಎಂಬುದು ಪುಟ್ಟಿಯ ಕಿವಿಗೂ ಬಿತ್ತು.

"ಅವಳಿಗೆ ಏನೂ ಅನ್ಬೇಡ," ಎಂದ ಅಣ್ಣ. "ಪಾಪ, ಅವಳು ಆಗಿಂದ ಅಳ್ತಾನೇ ಇದಾಳೆ."

ಪುಟ್ಟಿಯ ಕಣ್ಣಿನಲ್ಲಿ ಒಂದು ಹನಿಯೂ ಇರಲಿಲ್ಲ. ಅದು ಅವನಿಗೂ ಕಾಣುತ್ತಿತ್ತು.